ಅರವತ್ತೆರಡನೇ ಪುಟದ ಬೆನ್ನು ಹತ್ತಿ

ಬೆಳಗಿನ ಐದೂವರೆ. ಗ್ಯಾರೇಜುಗಳ ಸಾಲಿನ ಕೊನೆಯ ಅಂಗಡಿಯ ಶಟರು ಮೊಣಕಾಲೆತ್ತರಕ್ಕೆ ಮಾತ್ರ ಎದ್ದಿದೆ. ಒಳಗೆ ಐವತ್ತು ದಾಟಿದ ಹೆಂಗಸೊಬ್ಬರು ಹಳೆಯ ಮೋಟರ್‌ಸೈಕಲ್ಲಿನ ರಿಪೇರಿ ಮ್ಯಾನುಯಲ್ ಒಂದನ್ನು ದೀಪಕ್ಕೆ ಹಿಡಿದು ಹಾಳೆ ಹಾಳೆಯಾಗಿ ತಿರುವುತ್ತಿದ್ದಾರೆ. ಓದುತ್ತಿಲ್ಲ, ಮುಟ್ಟಿ ನೋಡುತ್ತಿದ್ದಾರೆ. ನಡುವಿನ ಒಂದು ಹಾಳೆ ಉಳಿದವಕ್ಕಿಂತ ಕೊಂಚ ಬಿಳುಪು ಅನ್ನಿಸಿದರೆ ಬೆರಳು ಅಲ್ಲೇ ನಿಲ್ಲುತ್ತದೆ.

ಬೀದಿಗೆಲ್ಲ ಇವರು ಪುಸ್ತಕದಕ್ಕ. ಕಂಪನಿಯವರು ಕೈಬಿಟ್ಟು ದಶಕಗಳಾದ ಗಾಡಿಗಳ ಮ್ಯಾನುಯಲ್‌ಗಳನ್ನು ರದ್ದಿಯಲ್ಲಿ, ಮುಚ್ಚಿದ ಶೋರೂಮುಗಳ ಅಟ್ಟದಲ್ಲಿ, ತೀರಿಹೋದ ಮೆಕ್ಯಾನಿಕ್ಕುಗಳ ಪೆಟ್ಟಿಗೆಗಳಲ್ಲಿ ಹುಡುಕಿ, ನಂಬುವಂಥದ್ದನ್ನು ಆರಿಸಿ, ಜೆರಾಕ್ಸ್ ತೆಗೆದು ಹೊಲಿದು ಕೊಡುವುದು ಇವರ ಕಸುಬು. ಮಾವನವರ ರದ್ದಿ ಅಂಗಡಿಯಲ್ಲಿ ಮೂವತ್ತು ವರ್ಷದ ಹಿಂದೆ ಶುರುವಾದದ್ದು. ಕೈಗೆ ಬರುವ ಹತ್ತು ಪುಸ್ತಕಗಳಲ್ಲಿ ಮೂರು ಪಾಸಾದರೆ ಹೆಚ್ಚು.

ಶಟರಿನಡಿ ಒಂದು ತಲೆ ತೂರುತ್ತದೆ. ಎರಡು ಅಂಗಡಿ ಆಚೆಯ ಮೆಕ್ಯಾನಿಕ್.

"ಅಕ್ಕಾ, ಆ ಎರಡು ಸೈಲೆನ್ಸರ್ ಗಾಡೀದು ಒಂದು ಬುಕ್ ಕೊಡಿ."

"ಚಾಸಿ ನಂಬರ್ ಹೇಳಪ್ಪ."

"ಎಲ್ಲಾ ವರ್ಷದ್ದೂ ಒಂದೇ ಅಲ್ವಾ? ಬಣ್ಣ ಬೇರೆ, ಅಷ್ಟೇ."

"ಹಂಗಾದ್ರೆ ನಿನ್ನ ಚಪ್ಪಲಿ ನಿನ್ನ ಹೆಂಡ್ತಿಗೆ ಕೊಡು. ಎರಡೂ ಚಪ್ಪಲೀನೇ ತಾನೆ?"

ಅವನು ನಗುತ್ತಾ ಹೋಗಿ, ಅಂಗೈ ಮೇಲೆ ನಂಬರ್ ಬರೆದುಕೊಂಡು ಬರುತ್ತಾನೆ. ಕೊಟ್ಟ ಪುಸ್ತಕದಲ್ಲಿ ಮೂರು ಹಾಳೆ ಖಾಲಿ.

"ಇದೇನಕ್ಕಾ, ಬಿಳಿ ಹಾಳೆಗೂ ಜೆರಾಕ್ಸಾ?"

"ಆ ಪುಟ ನನ್ನ ಹತ್ರ ಇಲ್ಲ. ಇಲ್ಲ ಅಂತ ನಿಂಗೆ ಗೊತ್ತಾಗ್ಲಿ ಅಂತ ಹಾಕಿದೀನಿ."

"ಮುಂದಿನ ವರ್ಷದ್ದು ಇದ್ರೆ ಅದನ್ನೇ ಸೇರಿಸಿ ಕೊಡಿ ಅಕ್ಕಾ, ನಡೆಯುತ್ತೆ."

ಪುಸ್ತಕದಕ್ಕ ಆ ಮೂರು ಖಾಲಿ ಹಾಳೆಗಳ ಮೇಲೂ 'ಪುಟ ಇಲ್ಲ' ಎಂದು ಬರೆದು ಪುಸ್ತಕ ಮರಳಿಸುತ್ತಾರೆ.

ಹೊಚ್ಚಹೊಸದರಂತೆ ಹೊಳೆಯುವ ಪುಸ್ತಕವನ್ನು ಅವರು ನಂಬುವುದಿಲ್ಲ. "ಗ್ರೀಸ್ ಅಂಟಿರಬೇಕು. ಅಂಚಲ್ಲಿ ಯಾರಾದ್ರೂ ಪೆನ್ಸಿಲಲ್ಲಿ ಬೈದಿರಬೇಕು. ಆಗ ಯಾರೋ ಮಾಡಿ ನೋಡಿದಾರೆ ಅಂತ ಅರ್ಥ." ಆಮೇಲೆ ಮುದ್ರಣದ ವರ್ಷ, ಯಾವ ನಂಬರಿನಿಂದ ಯಾವ ನಂಬರಿನವರೆಗಿನ ಗಾಡಿಗಳಿಗೆ ಅನ್ನುವ ಸಾಲು. ಕೊನೆಗೆ ಡ್ರಾಯರಿನಲ್ಲಿರುವ ಹಳೇ ಬಿಡಿಭಾಗಗಳನ್ನು ತೆಗೆದು, ಚಿತ್ರದ ಪಕ್ಕ ಇಟ್ಟು ತಾಳೆ ನೋಡುತ್ತಾರೆ. ಒಂದು ಪುಸ್ತಕಕ್ಕೆ ನಾಲ್ಕು ದಿನ ಹಿಡಿಯುತ್ತದೆ.

ಹನ್ನೊಂದು ವರ್ಷದ ಹಿಂದೆ ಅರ್ಧ ದಿನವೂ ಹಿಡಿಯುತ್ತಿರಲಿಲ್ಲ. ಆಗ ಸಿಕ್ಕ ಒಂದು ಮ್ಯಾನುಯಲ್‌ನಲ್ಲಿ ಅರವತ್ತೆರಡನೇ ಪುಟ ಇರಲಿಲ್ಲ. ಮರುವರ್ಷದ ಪುಸ್ತಕ ಕೈಯಲ್ಲೇ ಇತ್ತು. ಉಳಿದ ಪುಟಗಳಲ್ಲೆಲ್ಲ ಅದೇ ಅಕ್ಷರ, ಅದೇ ಚಿತ್ರ, ಅದೇ ಸಂಖ್ಯೆ. ಅದರ ಅರವತ್ತೆರಡನೇ ಪುಟವನ್ನೇ ಸೇರಿಸಿ ನಲವತ್ತೊಂದು ಪ್ರತಿ ಹೊಲಿದರು. "ಅರೆಬರೆ ಪುಸ್ತಕ ಕೊಡಬಾರದು ಅನ್ನೋ ಹುಚ್ಚು ನಂಗೆ," ಎನ್ನುತ್ತಾರೆ.

ಆ ಎರಡು ಪುಸ್ತಕಗಳ ನಡುವಿನ ಒಂದು ವರ್ಷದಲ್ಲಿ ಕಂಪನಿ ಮುಂದಿನ ಚಕ್ರದಿಂದ ಒಂದು ಬುಷ್ ಕೈಬಿಟ್ಟಿತ್ತು. ಉಂಗುರದಷ್ಟು ದಪ್ಪದ ಲೋಹದ ತುಂಡು. ಹಿಂದಿನ ವರ್ಷದ ಗಾಡಿಗೆ ಅದಿಲ್ಲದಿದ್ದರೆ ನಟ್ಟು ಬಿಗಿದಂತೆಲ್ಲ ಬೇರಿಂಗ್ ನಜ್ಜುಗುಜ್ಜಾಗುತ್ತದೆ. ಊರಾಚೆಯ ಮೆಕ್ಯಾನಿಕ್ ಒಬ್ಬ ಪುಟ ನೋಡಿದ, ಚಿತ್ರದಲ್ಲಿ ಬುಷ್ ಕಾಣಲಿಲ್ಲ, ಹಿಂದಿನವರು ಯಾರೋ ತುರುಕಿದ್ದಾರೆಂದು ತೆಗೆದಿಟ್ಟ. ಹತ್ತೊಂಬತ್ತನೇ ದಿನ ಓಡುತ್ತಿದ್ದ ಚಕ್ರ ಹಿಡಿದುಕೊಂಡಿತು. ಗಾಡಿಯ ಮೇಲಿದ್ದದ್ದು ಮನೆ ಮನೆ ತಿರುಗಿ ಕರೆಂಟು ಮೀಟರ್ ಓದುವ ಯುವಕ. ಆಸ್ಪತ್ರೆಯವರೆಗೂ ಉಳಿಯಲಿಲ್ಲ.

ಎಲ್ಲರೂ ಮೆಕ್ಯಾನಿಕ್‌ನತ್ತ ಬೆರಳು ಮಾಡಿದರು. ಅವನು ಗ್ಯಾರೇಜು ಮುಚ್ಚಿದ. ಎರಡು ವರ್ಷದ ನಂತರ ರದ್ದಿ ಕಟ್ಟೊಂದರಲ್ಲಿ ನಿಜವಾದ ಅರವತ್ತೆರಡನೇ ಪುಟ ಸಿಕ್ಕಾಗಲೇ ಪುಸ್ತಕದಕ್ಕನಿಗೆ ತಿಳಿದದ್ದು. ಸಿಮೆಂಟು ಗೋದಾಮಿನಲ್ಲಿ ಮೂಟೆ ಹೊರುತ್ತಿದ್ದ ಆ ಮೆಕ್ಯಾನಿಕ್‌ನ ಮುಂದೆ ಎರಡೂ ಪುಟ ಹಿಡಿದು ನಿಂತರು. "ಎರಡು ವರ್ಷ ನನ್ನ ಕೈನೇ ನಾನು ಬೈಕೊಂಡೆ ಅಲ್ಲಕ್ಕಾ," ಎಂದು ಮತ್ತೆ ಮೂಟೆಗೆ ಬೆನ್ನು ಕೊಟ್ಟನಂತೆ. ಆಮೇಲೆ ಅವನು ಸ್ಪ್ಯಾನರ್ ಹಿಡಿದಿಲ್ಲ.

ಸತ್ತವನ ತಾಯಿಯ ಮನೆಗೆ ಎರಡು ಸಲ ಹೋಗಿ ಗೇಟಿನ ಚಿಲಕ ಮುಟ್ಟಿ ವಾಪಸಾದರು. ಮೂರನೇ ಸಲ ಒಳಗೆ ಹೋಗಿ ಹೇಳಿದರು. "'ಇಂಥವು ಇನ್ನೆಷ್ಟಿವೆ?' ಅಂತ ಕೇಳಿದ್ರು. ಅಷ್ಟೇ. ಬೈಲಿಲ್ಲ. ಬೈದಿದ್ರೆ ಚೆನ್ನಾಗಿತ್ತು."

ಅಂದಿನಿಂದ ಅವರು ಆ ಪ್ರತಿಗಳ ಬೆನ್ನು ಹತ್ತಿದ್ದಾರೆ. ಕೊಂಡವರ ಹೆಸರು ಬರೆದಿಟ್ಟಿರಲಿಲ್ಲ. ಗ್ಯಾರೇಜಿನಿಂದ ಗ್ಯಾರೇಜಿಗೆ, ಬಾಯಿಂದ ಬಾಯಿಗೆ ಕೇಳಿಕೊಂಡು ಹೋಗಿ, ಸರಿಯಾದ ಪುಸ್ತಕ ಕೊಟ್ಟು ತಪ್ಪಿನದನ್ನು ತರುತ್ತಾರೆ. ಮೂವತ್ತೊಂಬತ್ತು ಬಂದಿವೆ. ಎರಡು ಬಾಕಿ.

ಒಂಬತ್ತು ಗಂಟೆಗೆ ಫೋನು. ದೂರದ ಊರಿನ ಗ್ಯಾರೇಜಿನವನು. ಬಾಕಿ ಎರಡರಲ್ಲಿ ಒಂದು ಅವನ ಹತ್ತಿರವಿದೆ; ಪುಸ್ತಕ ವಾಪಸು ಕಳಿಸಿ ಎಂದು ಇವರು ಹೇಳಿಕಳಿಸಿದ್ದು ಅವನಿಗೆ ಮುಟ್ಟಿದೆ.

"ಒಳ್ಳೇ ಪುಸ್ತಕ ತಾಯಿ, ಯಾಕೆ ಕಳಿಸ್ಲಿ? ಎರಡು ಎಂಜಿನ್ ಬಿಚ್ಚಿ ಕಟ್ಟಿದೀನಿ ಅದನ್ನ ನೋಡ್ಕೊಂಡು."

"ಮುಂದಿನ ಚಕ್ರ ಬಿಚ್ಚಿದೀರಾ?"

"ಇಲ್ಲ. ಒಂದು ಬಂದು ನಿಂತಿದೆ. ನಾಳೆ ಮಧ್ಯಾಹ್ನ ಬಿಚ್ಚಬೇಕು."

ಪುಸ್ತಕದಕ್ಕ ಸ್ಟೂಲಿನಿಂದ ಎದ್ದು ನಿಲ್ಲುತ್ತಾರೆ. "ಎಡಗಡೆ ಒಂದು ಬುಷ್ ಇರುತ್ತೆ, ಅದನ್ನ ಬಿಡಬಾರದು. ಅರವತ್ತೆರಡನೇ ಪುಟ ಹರೀರಿ. ಈಗ್ಲೇ. ನಾನು ಲೈನಲ್ಲೇ ಇರ್ತೀನಿ."

ಅತ್ತ ಯಾವುದೋ ಎಂಜಿನ್ ಕೆಮ್ಮಿ ನಿಲ್ಲುತ್ತದೆ. ಆಮೇಲೆ ಏನೂ ಇಲ್ಲ.

"ಹರಿದೆ ತಾಯಿ. ಆಯ್ತಾ?" ಫೋನು ಕಟ್ಟಾಗುತ್ತದೆ.

ಪುಸ್ತಕದಕ್ಕ ಸರಿಯಾದ ಪ್ರತಿಯೊಂದನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಚೀಲಕ್ಕೆ ಹಾಕುತ್ತಾರೆ.

"ಮೂವತ್ತು ವರ್ಷ ಕಾಗದದ ಜೊತೆ ಬಾಳಿದೀನಿ. ಹರಿದ್ರೆ ಫೋನಲ್ಲೂ ನಂಗೆ ಕೇಳ್ಸುತ್ತೆ. ಅವನು ಹರೀಲಿಲ್ಲ. ಬುಷ್ ವಿಷಯ ಹೇಳಿದೀನಿ, ನಿಜ. ಆದ್ರೆ ಕೈಯೆಲ್ಲಾ ಗ್ರೀಸ್ ಆಗಿರೋವಾಗ ಫೋನಲ್ಲಿ ಕೇಳಿದ್ದು ಯಾರಿಗೂ ನೆನಪಿರಲ್ಲ. ಎದುರಿಗೆ ತೆರೆದಿರೋ ಪುಟಾನೇ ನಂಬ್ತಾರೆ. ಏಳು ಗಂಟೆ ದಾರಿ. ಅಲ್ಲಿಗೆ ದಿನಕ್ಕೆ ಒಂದೇ ಬಸ್ಸು, ಇನ್ನು ನಾಳೆ ಬೆಳಗ್ಗೆ ನಾಲ್ಕಕ್ಕೇ. ಅವನು ಸ್ಪ್ಯಾನರ್ ತಗೊಳ್ಳೋಕೆ ಮುಂಚೆ ನಾನಲ್ಲಿ ಇದ್ರೆ ಸಾಕು."