ಬಸ್ಸಾರಿಗೆ ಬೆರೆಸಿದ ಹಳದಿ ಪುಡಿ

ಎಪ್ಪತ್ತರ ದಶಕದ ನಡುವಿನ ಮಾತು. ಆಗ ನಾವು ಭಾರತೀನಗರದಲ್ಲಿದ್ದೆವು. ಕಬ್ಬು ಅರೆಯುವ ತಿಂಗಳುಗಳಲ್ಲಿ ಸಕ್ಕರೆ ಕಾರ್ಖಾನೆಯ ಕಡೆಯಿಂದ, ಸಕ್ಕರೆ ತೆಗೆದ ಮೇಲೆ ಉಳಿಯುವ ಕಪ್ಪು ಕಾಕಂಬಿಯ ವಾಸನೆ ಬೀಸಿ ಬರುತ್ತಿತ್ತು. ಬೆಳಗಿನ ಮಂಜಿನಲ್ಲಿ ಬಾಗಿಲಿಗೆ ನೀರು ಹಾಕುವಾಗ, ಇಡೀ ಊರನ್ನೇ ಯಾರೋ ಕೊಪ್ಪರಿಗೆಯಲ್ಲಿಟ್ಟು ಸಣ್ಣ ಉರಿಯಲ್ಲಿ ಕಾಯಿಸುತ್ತಿದ್ದಾರೇನೋ ಅನ್ನಿಸುತ್ತಿತ್ತು. ಈಗಲೂ ಕಣ್ಣು ಮುಚ್ಚಿದರೆ ಮೊದಲು ಆ ವಾಸನೆ ಬರುತ್ತದೆ, ಆಮೇಲೆ ಅತ್ತೆಯವರ ಮುಖ.

ಆ ವರ್ಷ ಅತ್ತೆಯವರಿಗೆ ಬಾಯಿಹುಣ್ಣು. ತುಟಿಯ ಅಂಚು ಸೀಳಿ, ನಾಲಿಗೆ ಕೆಂಪಗಾಗಿ, ಮುದ್ದೆ ನುಂಗಲಾರದೆ ಗಂಜಿತಿಳಿಯಲ್ಲೇ ದಿನ ಕಳೆಯುತ್ತಿದ್ದರು. ಬಳೆಗಳು ಮೊಣಕೈವರೆಗೆ ಜಾರುತ್ತಿದ್ದವು. ಶನಿವಾರದ ಪೂಜೆಯ ಪಾಯಸವನ್ನು ದೇವರಿಗಿಡುವ ಮುಂಚೆಯೇ ಮರೆತು ನಾಲಿಗೆಗೆ ಹಚ್ಚಿಬಿಟ್ಟಿದ್ದರಂತೆ. ಔಷಧಿಯ ಮಾತೆತ್ತಿದರೆ, "ತಪ್ ಮಾಡಿದ್ದು ನಾಲ್ಗೆ, ಅನುಬೋಗ್ಸೋದೂ ಅದೇಯ. ಬುಡು ಮಗ," ಅನ್ನುವರು.

ನನಗೆ ಭಯ ಹಿಡಿಯಿತು. ತಾಯಿಯಿಲ್ಲದೆ ಬೆಳೆದ ನನಗೆ ಕೂರಿಸಿಕೊಂಡು ತಲೆಗೆ ಎಣ್ಣೆ ಹಚ್ಚಿದವರು ಅವರೊಬ್ಬರೇ. ಮದ್ದೂರಿನಲ್ಲಿ ನರ್ಸಾಗಿದ್ದ ನೆರೆಮನೆಯಾಕೆಯನ್ನು ಕೇಳಿದೆ. ಅವರು ಒಂದು ಡಬ್ಬಿ ಹಳದಿ ಪುಡಿ ತಂದುಕೊಟ್ಟರು.

"ಈಸ್ಟ್ ಪುಡಿ ಕಣಮ್ಮ. ಬಿ ವಿಟಮಿನ್ ಕಮ್ಮಿಯಾದ್ರೆ ಬಾಯಿ ಇಂಗಾಯ್ತದೆ. ಸಾರು ಇಳಿಸ್ದ ಮೇಲೆ ಒಂದು ಚಮಚ ಬೆರ್ಸು. ಮೈಗೂ ಕಸುವು ಬತ್ತದೆ."

"ಯಾತರಲ್ಲಿ ಮಾಡ್ತಾರಕ್ಕ?"

"ಕಾಕಂಬಿಲಿ ಬೆಳ್ಸಿ, ಬಿಸಿಗೆ ಒಣಗ್ಸಿ ಸಾಯ್ಸಿರ್ತಾರೆ. ಹುಳಿ ಹಿಟ್ಟಿನಂಗೆ ಉಕ್ಕೋದಿಲ್ಲ, ಉಬ್ಬೋದಿಲ್ಲ."

ಅತ್ತೆಯವರು ಗೋಡೆಯಾಚೆಯಿಂದಲೇ ಕೇಳಿಸಿಕೊಂಡಿದ್ದರು. "ಕಾಕಂಬೀದಾ? ಸಾರಾಯಿ ಕಾಯ್ಸೋದೂ ಅದ್ರಲ್ಲೇ ತಾನೆ! ಈ ವಯಸ್ನಲ್ಲಿ ನನ್ನ ಕುಡುಕಿ ಮಾಡ್ಬೇಕು ಅಂತಿದ್ದೀರೇನ್ರವ್ವ?"

ಡಬ್ಬಿ ಅಟ್ಟ ಸೇರಿತು. ಆದರೆ ಮರುದಿನ ನಾನೇ ಅದನ್ನು ಕೆಳಗಿಳಿಸಿದೆ. ಅವರಿಗೆಂದು ಖಾರ ಕಮ್ಮಿ ಮಾಡಿದ ಬಸ್ಸಾರಿಗೆ ಒಂದು ಚಮಚ ಬೆರೆಸಿ, ಗಂಜಿಗೆ ಹಾಕಿ ಕೊಟ್ಟೆ. ಹುರಿಗಡಲೆಯಂಥ ಘಮ ಬಂತು, ಅಷ್ಟೆ. ಅವರು ಬಟ್ಟಲು ಬರಿದು ಮಾಡಿದರು. ಹೀಗೇ ಎಂಟು ದಿನ. ಸಂಜೆ ದೀಪ ಹಚ್ಚುವಾಗ ಮಾತ್ರ ನನಗೆ ದೇವರ ಮುಖ ನೋಡಲು ಆಗುತ್ತಿರಲಿಲ್ಲ.

ಶನಿವಾರ ಬಂತು. ಅತ್ತೆಯವರು ಸ್ನಾನ ಮಾಡಿ, ದೇವರ ಗೂಡಿನ ಹಿತ್ತಾಳೆ ವಿಗ್ರಹದ ಎರಡು ಭುಜಕ್ಕೂ ನೆನೆಸಿದ ಹೂ ಅಂಟಿಸಿದರು. ಬಲಗಡೆಯ ಹೂ ಮೊದಲು ಬಿದ್ದರೆ ಹೂಂ, ಎಡಗಡೆಯದಾದರೆ ಬೇಡ. "ಆ ಪುಡಿ ಮಾತು ಮನಸ್ ಬುಟ್ಟು ಓಗ್ತಿಲ್ಲ. ತಿನ್ಬೋದಾ ಬ್ಯಾಡ್ವಾ, ನೀನೇ ಯೋಳಪ್ಪ," ಎಂದು ಕೈ ಮುಗಿದರು.

ಎಡಗಡೆಯ ಹೂ ಬಿತ್ತು.

"ನೋಡ್ದಾ? ಬ್ಯಾಡ ಅಂದ. ಡಬ್ಬೀನ ವಾಪಸ್ ಕೊಟ್ಬುಡು."

"ಅತ್ತೆಮ್ಮ, ಎಂಟು ದಿನದಿಂದ ನಿಮ್ಗೆ ಅದ್ನೇ ಆಕ್ತಾ ಇವ್ನಿ," ಎಂದು ಅಳುತ್ತ ಕೂತುಬಿಟ್ಟೆ.

ಕಿಟಕಿಯಿಂದ ಬಂದ ಬಿಸಿಲಕೋಲಿನಲ್ಲಿ ಊದುಬತ್ತಿಯ ಹೊಗೆ ಸುರುಳಿ ಬಿಚ್ಚುತ್ತಿತ್ತು. ಅತ್ತೆಯವರು ನಾಲಿಗೆಯನ್ನು ಮೆಲ್ಲಗೆ ತುಟಿಯ ಅಂಚಿಗೆ ತಂದು, ಆ ಕಡೆ ಈ ಕಡೆ ಸವರಿ ನೋಡಿಕೊಂಡರು. ಸೀಳು ಕೂಡಿತ್ತು. ಅವರಿಗೂ ಅದು ಆಗಲೇ ಗೊತ್ತಾಯಿತೇನೋ.

"ಎಡಕ್ಕೆ ಕೊಟ್ಟಿದ್ದು ನಿನ್ ಕಳ್ತನಕ್ಕೆ ಕಣೆ, ಪುಡಿಗಲ್ಲ," ಎಂದರು ಕೊನೆಗೆ. "ಏಳು, ಮಕ ತೊಳ್ಕೊಂಡ್ ಬಾ. ನಿಜ ಯೋಳಿ ಇನ್ನೊಂದ್ ಕಿತ ಕೇಳಾವ."

ಈ ಸಲ ಹೂ ಅಂಟಿಸಿ ಕೇಳಿದವಳು ನಾನು. ಮುಚ್ಚಿಟ್ಟದ್ದನ್ನೆಲ್ಲ ಬಾಯಿಬಿಟ್ಟು ಹೇಳಿದೆ. ಹೂ ಅಲುಗಲೇ ಇಲ್ಲ. ಕಾಕಂಬಿಯ ವಾಸನೆ ತೇಲಿ ಬಂತು, ಹೋಯಿತು. ಕಾಲವೇ ನಿಂತಂತಿತ್ತು. ಆಮೇಲೆ ಬಲಭುಜದ ಹೂ ನಿಧಾನವಾಗಿ ಜಾರಿ, ಪೀಠದ ಮೇಲೆ ಬಿತ್ತು.

ದೇವರು ನನಗೆ ಕೊಟ್ಟ ಸಣ್ಣಪುಟ್ಟದ್ದನ್ನು ನೆನೆಯಲು ಕೂತಾಗಲೆಲ್ಲ ಆ ಮಧ್ಯಾಹ್ನದಿಂದಲೇ ಶುರು ಮಾಡುತ್ತೇನೆ. ಅತ್ತೆಯವರು ಡಬ್ಬಿ ತರಿಸಿ, ಒಂದು ಚಿಟಿಕೆ ಪುಡಿಯನ್ನು ವೀಳ್ಯದೆಲೆಯ ಮೇಲಿಟ್ಟು ದೇವರ ಮುಂದಿಟ್ಟರು. "ಈ ಸತಿ ಮೊದ್ಲು ಅವ್ನಿಗೆ," ಎಂದು ತಟ್ಟೆ ಮುಂದೆ ಎಳೆದುಕೊಂಡು, "ಗಂಜಿ ಬ್ಯಾಡ, ಮುದ್ದೆ ಇಕ್ಕು," ಎಂದರು. ಅರ್ಧ ಮುದ್ದೆ ಇಳಿಯಿತು.