ಚಕ್ರದಡಿಯ ನಿಂಬೆಹಣ್ಣು

ವಾಕೋ ಊರಿನ ನಮ್ಮ ಬಾಡಿಗೆ ಮನೆಯ ಸಾಮಾನೆಲ್ಲ ರಟ್ಟಿನ ಪೆಟ್ಟಿಗೆ ಸೇರಿ, ಫ್ರಿಜ್ಜು ದಿನದಿಂದ ದಿನಕ್ಕೆ ಬರಿದಾಗುತ್ತ ಬಂದ ಆ ಮಳೆಗಾಲದಲ್ಲಿ, ಅದರ ಬಾಗಿಲಿನ ಗೂಡಿನಲ್ಲಿ ಒಂದು ನಿಂಬೆಹಣ್ಣು ಮಾತ್ರ ತಪ್ಪದೆ ಇರುತ್ತಿತ್ತು. ನಮ್ಮ ಕಡೆಯ ನಿಂಬೆಯಂತೆ ಗುಂಡಗೆ, ತೆಳು ಸಿಪ್ಪೆಯದಾಗಿ, ಎರಡು ಬೆರಳಿಗೆ ಬಗ್ಗುವಂಥದ್ದಲ್ಲ. ಎರಡೂ ತುದಿ ಚೂಪಾಗಿ, ದಪ್ಪ ತೊಗಲಿನ, ಅಂಗಡಿಯಲ್ಲಿ ಒಂದೊಂದೂ ತನ್ನದೇ ಪ್ಲಾಸ್ಟಿಕ್ ಅಂಗಿ ತೊಟ್ಟು ಗಂಭೀರವಾಗಿ ಕೂರುವ ಜಪಾನಿನ ನಿಂಬೆಹಣ್ಣು. ಅದನ್ನು ನಾನು ತರುತ್ತಿದ್ದದ್ದು ಅಡುಗೆಗಲ್ಲ, ವಿಮಾನದ ಚಕ್ರದಡಿ ಇಡುವುದಕ್ಕೆ. ನಗಬೇಡಿ. ಹೊಸ ಸ್ಕೂಟರಿಗೆ ನೀವು ಇಟ್ಟಿಲ್ಲವೆ? ಸ್ಕೂಟರಿಗೆ ಬೇಕಾದ ರಕ್ಷೆ ವಿಮಾನಕ್ಕೆ ಬೇಡವೆನ್ನುವುದು ಯಾವ ನ್ಯಾಯ?

ವಿಮಾನವೆಂದರೆ ಊಟದ ತಟ್ಟೆ ತಳ್ಳಿಕೊಂಡು ಬರುವ ದೊಡ್ಡ ವಿಮಾನವಲ್ಲ. ನಮ್ಮೂರ ಆಟೋರಿಕ್ಷಾಕ್ಕೆ ರೆಕ್ಕೆ ಮೂಡಿದಂಥದ್ದು, ಇಬ್ಬರು ಭುಜಕ್ಕೆ ಭುಜ ತಾಗಿಸಿಕೊಂಡು ಕೂರುವಷ್ಟು ಜಾಗ, ಮೂತಿಗೊಂದು ಪಂಕ. ನನ್ನ ಗಂಡ ಗಿರೀಶ ವಾಕೋದ ಸಂಶೋಧನಾಲಯದಲ್ಲಿ ದಿನವಿಡೀ ಸೂಕ್ಷ್ಮದರ್ಶಕದೊಳಗೆ ಇಣುಕುತ್ತಿರುವಾಗ, ಮಗಳು ಅನಘಾ ಹಳದಿ ಟೋಪಿ ಹಾಕಿಕೊಂಡು ಒಬ್ಬಳೇ ಶಾಲೆಗೆ ನಡೆದು ಹೋಗಲು ಕಲಿತಾಗ, ನನಗೆ ಮಧ್ಯಾಹ್ನಗಳು ಉಳಿದವು. ನದಿಯ ದಂಡೆಗುಂಟ ಗುಂಯ್ ಎಂದು ಹಾರುತ್ತಿದ್ದ ಪುಟ್ಟ ವಿಮಾನಗಳನ್ನು ಬಾಲ್ಕನಿಯಲ್ಲಿ ಬಟ್ಟೆ ಹರವುತ್ತ ನೋಡುತ್ತಿದ್ದವಳು ಒಂದು ದಿನ ಬಸ್ಸು ಹತ್ತಿ ಅವು ಇಳಿಯುವ ಜಾಗಕ್ಕೇ ಹೋಗಿ, "ಸುಮಿಮಾಸೆನ್, ಕ್ಷಮಿಸಿ, ಇಲ್ಲಿ ಕಲಿಸ್ತೀರಾ?" ಎಂದು ಕೇಳಿಬಿಟ್ಟೆ. ಪಕ್ಕದ ಮನೆಯಾಕೆ ಹೂ ಜೋಡಿಸುವ ತರಗತಿಗೆ ಸೇರಿದ ಹಾಗೆ ನಾನು ಹಾರುವ ತರಗತಿಗೆ ಸೇರಿದೆ.

ಕಲಿತು ಕಲಿತು ವರ್ಷಗಳು ಉರುಳಿ, ಈಗ ಉಳಿದದ್ದು ಒಂದೇ: ಒಬ್ಬಳೇ ಮಾಡಬೇಕಾದ ದೂರದ ಹಾರಾಟ. ನಮ್ಮ ನದಿದಂಡೆಯಿಂದ ಉತ್ತರಕ್ಕೆ ಫುಕುಶಿಮಾ, ಅಲ್ಲಿ ಇಳಿದು, ಮತ್ತೆ ಏರಿ, ಬೆಟ್ಟಗಳ ನಡುವಿನಿಂದ ದೇಶವನ್ನು ಅಡ್ಡಹಾಯ್ದು ಪಶ್ಚಿಮ ಕಡಲತೀರದ ನಿಗಾತಾ, ಅಲ್ಲಿಂದ ಅದೇ ದಾರಿಯಲ್ಲಿ ವಾಪಸು. ಅದು ಮುಗಿದರೆ ನನ್ನ ಗುರು ಕುರೋದಾ ಸೆನ್ಸೇ ತರಬೇತಿ ಪೂರ್ತಿಯಾಯಿತೆಂದು ಸಹಿ ಹಾಕುತ್ತಾರೆ, ಮಿಕ್ಕದ್ದನ್ನು ಬೆಂಗಳೂರಿನಲ್ಲಿ ಮುಂದುವರಿಸಬಹುದು. ಮುಗಿಯದಿದ್ದರೆ ಎಲ್ಲ ಅಲ್ಲಿಗೇ ನಿಂತಂತೆ. ಏಕೆಂದರೆ ಗಿರೀಶನ ಕೆಲಸದ ಅವಧಿ ತೀರಿತ್ತು, ನಾವು ಊರಿಗೆ ಹಿಂತಿರುಗುವ ಟಿಕೇಟು ಆಗಿತ್ತು. ಮನೆ ಖಾಲಿ ಮಾಡುವವರಿಗೆ ಮೋಡ ಖಾಲಿಯಾಗುವವರೆಗೆ ಕಾಯುವ ಪುರುಸೊತ್ತು ಎಲ್ಲಿಯದು?

ಆದರೆ ಮೋಡ ಖಾಲಿಯಾಗಲಿಲ್ಲ. ಜಪಾನಿನ ಮುಂಗಾರನ್ನು ಇಲ್ಲಿ ತ್ಸುಯು ಎನ್ನುತ್ತಾರೆ. ನಮ್ಮ ಮಳೆಯಂತೆ ಗುಡುಗಿ, ಕೂಗಾಡಿ, ಅತ್ತು ಹಗುರಾಗಿ ಹೋಗುವ ಸ್ವಭಾವ ಅದಕ್ಕಿಲ್ಲ. ಮುಖ ಊದಿಸಿಕೊಂಡು ಮಾತಾಡದೆ ಮೂಲೆಯಲ್ಲಿ ಕೂತ ನೆಂಟರ ಹಾಗೆ ವಾರಗಟ್ಟಲೆ ಕೂತಿರುತ್ತದೆ. ನನ್ನಂಥ ಕಲಿಯುವವರು ಮೋಡದೊಳಗೆ ನುಗ್ಗುವ ಹಾಗಿಲ್ಲ, ಕಣ್ಣಿಗೆ ಕಂಡಷ್ಟೇ ದಾರಿ. ಹೀಗಾಗಿ ನಸುಕಿಗೆ ಏಳುವುದು, ಮೊಸರನ್ನದ ಡಬ್ಬಿ, ನಿಂಬೆಹಣ್ಣು ಚೀಲಕ್ಕಿಟ್ಟುಕೊಂಡು ಹೋಗುವುದು, ಸೆನ್ಸೇ ಜೊತೆ ಬೆಟ್ಟದ ಕಣಿವೆಗಳಲ್ಲಿ ನೆಟ್ಟ ಕ್ಯಾಮೆರಾಗಳ ಆ ಹೊತ್ತಿನ ಚಿತ್ರಗಳನ್ನು ನೋಡುವುದು, ಇಬ್ಬರೂ ಒಂದೇ ಸಲ ಉಸಿರು ಬಿಡುವುದು, ವಾಪಸು ಬರುವುದು. ದೇವರಿಗೆಂದು ತೆಗೆದಿಟ್ಟ ನಿಂಬೆ ಮರುದಿನಕ್ಕೆ ಹಳತಾಗಬಾರದಲ್ಲ, ಆದ್ದರಿಂದ ಅಂದಂದಿನ ನಿಂಬೆ ಅಂದಂದೇ ಚಿತ್ರಾನ್ನವಾಗುತ್ತಿತ್ತು. ಮಗಳು ಹವಾಮಾನ ವರದಿ ಕೇಳುವುದನ್ನೇ ಬಿಟ್ಟಳು. ಶಾಲೆಯಿಂದ ಬಂದು ಒಗ್ಗರಣೆಯ ವಾಸನೆ ಮೂಗಿಗೆ ಬಡಿದೊಡನೆ, "ಓಹ್ ನೋ, ಲೆಮನ್ ರೈಸ್ ಅಗೇನ್? ಅಮ್ಮಾ, ಐ ಆಮ್ ಸೋ ಸಾರಿ," ಎನ್ನುವಳು. ಆ ಕನಿಕರ ನನ್ನ ಮೇಲೋ ತನ್ನ ನಾಲಗೆಯ ಮೇಲೋ ಗೊತ್ತಾಗುತ್ತಿರಲಿಲ್ಲ.

"ನಿಗಾತಾಗೆ ಹೋಗ್ಬೇಕು ತಾನೆ? ಶಿನ್‌ಕಾನ್‌ಸೆನ್ ಬುಲೆಟ್ ರೈಲು ಹತ್ತಿದ್ರೆ ಕಾಫಿ ಕುಡಿಯೋದ್ರಲ್ಲಿ ಇಳಿಸ್ತಾನೆ," ಎಂದು ಗೆಳತಿಯರು ಕೀಟಲೆ ಮಾಡುತ್ತಿದ್ದರು. ನಿಜ. ಆದರೆ ನಿಗಾತಾದಲ್ಲಿ ನನಗೆ ಏನೂ ಕೆಲಸವಿರಲಿಲ್ಲ. ಕೆಲಸವಿದ್ದದ್ದೆಲ್ಲ ದಾರಿಯಲ್ಲಿ.

ಮೈಸೂರಿನಲ್ಲಿರುವ ನನ್ನ ಅತ್ತೆಯ ವಿಷಯ ಹೇಳಬೇಕು. ಸೊಸೆ ವಿಮಾನ ಕಲಿಯುತ್ತಾಳೆಂದಾಗ ಅವರು ಬೇಡವೆನ್ನಲಿಲ್ಲ, ರಾಹುಕಾಲದಲ್ಲಿ ಏರಬಾರದು ಎಂದರು, ಅಷ್ಟೆ. ಗಿರೀಶ ವಿಜ್ಞಾನಿಯ ಗತ್ತಿನಲ್ಲಿ, "ಅಮ್ಮಾ, ಮೈಸೂರಿನ ರಾಹುಕಾಲವೋ ಜಪಾನಿಂದೋ?" ಎಂದು ಕೆಣಕಿದಾಗ, "ಸೂರ್ಯ ನಿಮ್ಮೂರಲ್ಲಿ ಯಾವಾಗ ಹುಟ್ತಾನೋ ಅದೇ ಲೆಕ್ಕ. ಇಷ್ಟೂ ಗೊತ್ತಿಲ್ವೇನೋ, ಅದೇನು ಓದಿದೀಯೋ!" ಎಂದು ಬಾಯಿ ಮುಚ್ಚಿಸಿದ್ದರು. ಚಕ್ರದಡಿ ನಿಂಬೆಹಣ್ಣಿಡುವ ಅಪ್ಪಣೆಯೂ ಅವರದೇ. ತೆಂಗಿನಕಾಯಿಯೂ ಒಡೆಯಬೇಕಿತ್ತು, ಆದರೆ ಚಿಪ್ಪಿನ ಚೂರು ಹಾರಿ ಪಂಕಕ್ಕೆ ಬಡಿದರೆ ಅನಾಹುತವೆಂದು ಸೆನ್ಸೇ ತಲೆ ಬಗ್ಗಿಸಿ, ಬಹಳ ವಿನಯದಿಂದ, ಕಡ್ಡಿ ಮುರಿದಂತೆ ಇಲ್ಲವೆಂದರು. ನಿಂಬೆಗೆ ಮಾತ್ರ ಒಪ್ಪಿದರು. ಅದನ್ನು ಕೈಯಲ್ಲಿ ಹಿಡಿದು, ಒತ್ತಿ ನೋಡಿ, ಗಾಲಿಗೆ ತೊಂದರೆಯಿಲ್ಲವೆಂದು ಖಾತ್ರಿ ಮಾಡಿಕೊಂಡ ಮೇಲೆ.

ಊರಿಗೆ ಹೊರಡುವ ಮುಂಚಿನ ಶನಿವಾರ ನದಿದಂಡೆಯ ಮೇಲೆ ಆಕಾಶ ತೊಳೆದಿಟ್ಟ ಹಾಗಿತ್ತು. ಅತ್ತೆ ಮುಹೂರ್ತ ಹುಡುಕಿಟ್ಟಿದ್ದರು. ಶಿನಾಗಾವಾದಿಂದ ಇಬ್ಬರು ಗೆಳತಿಯರು ಮಕ್ಕಳುಮರಿ ಸಮೇತ ಬಂದಿದ್ದರು, ಗಿರೀಶ ಕ್ಯಾಮೆರಾ ತಂದಿದ್ದ, ಅತ್ತೆ ಅವನ ಫೋನಿನೊಳಗಿಂದ ಅರಿಶಿನ ಕುಂಕುಮದ ನಿರ್ದೇಶನ ಕೊಡುತ್ತಿದ್ದರು, ನಿಂಬೆಹಣ್ಣು ಮುಂಚಕ್ರದ ಕೆಳಗೆ ತಯಾರಾಗಿ ಕೂತಿತ್ತು. ಎಲ್ಲವೂ ಇತ್ತು. ನಾನು ಕೊನೆಯ ಬಾರಿ ಕಣಿವೆಯ ಚಿತ್ರ ನೋಡಿದೆ. ಬೆಟ್ಟಗಳ ಭುಜದ ಮೇಲೆ ಬೂದುಬಣ್ಣದ ಮೋಡ ಇಳಿದಿತ್ತು, ಪೂರ್ತಿಯಲ್ಲ. ಹೋದರೆ ಹೋಗಲೂಬಹುದು ಎಂದು ಆಸೆ ಹುಟ್ಟಿಸುವಷ್ಟು ಸಂದಿ ಬಿಟ್ಟಿತ್ತು.

ಸೆನ್ಸೇ ಕಡೆ ನೋಡಿದೆ. ಅವರು ತಮ್ಮ ಬೂಟಿನ ತುದಿ ನೋಡುತ್ತಿದ್ದರು. ಇದುವರೆಗೆ ಪ್ರತಿ ಸಲವೂ ಬೇಡವೆಂದವರು ಅವರು; ಇವತ್ತು ಅವರು ಏನನ್ನೂ ಹೇಳುವುದಿಲ್ಲವೆಂದು ಅರ್ಥವಾಯಿತು. ಗೆಳೆಯರೇ, ಧೈರ್ಯವೆಂದರೆ ಮುಂದೆ ಹೆಜ್ಜೆಯಿಡುವುದು ಎಂದು ನಮಗೆಲ್ಲ ಹೇಳಿಕೊಟ್ಟಿದ್ದಾರೆ. ಅಲಂಕಾರ ಮಾಡಿಕೊಂಡು ಬಂದ ನೆಂಟರಿಷ್ಟರ ಎದುರು, ಒಳ್ಳೆಯ ಮುಹೂರ್ತದಲ್ಲಿ, ಬಿಸಿಲು ಹೊಳೆಯುತ್ತಿರುವಾಗ, ನಾನು ಹೋಗುವುದಿಲ್ಲ ಎನ್ನುವುದಕ್ಕೆ ಬೇಕಾದ ಧೈರ್ಯದ ಹೆಸರು ಯಾರೂ ಹೇಳಿಕೊಡಲಿಲ್ಲ. ಮದುವೆ ಮಂಟಪದಿಂದ ಎದ್ದು ಬಂದಷ್ಟು ನಾಚಿಕೆಯಾಯಿತು ನನಗೆ. ಬಗ್ಗಿ ಚಕ್ರದಡಿಯಿಂದ ನಿಂಬೆಹಣ್ಣು ಎತ್ತಿಕೊಂಡೆ.

"ಇವತ್ತಾಗಲ್ಲ," ಎಂದೆ.

"ಆಕಾಶ ಇಷ್ಟು ಚೆನ್ನಾಗಿದೆಯಲ್ಲೇ!" ಎಂದ ಗಿರೀಶ.

"ಇಲ್ಲಿ ಚೆನ್ನಾಗಿದೆ ಕಣ್ರೀ. ನಾನು ಹೋಗೋ ಕಡೆ ಇಲ್ಲ."

ಅತ್ತ ಮೈಸೂರಿನಲ್ಲಿ ಅತ್ತೆ ಫೋನು ಇಟ್ಟುಬಿಟ್ಟರು. ಸೆನ್ಸೇ ಮಾತ್ರ ನನ್ನ ಕಡೆ ತಿರುಗಿ, ಸೊಂಟ ಬಗ್ಗಿಸಿ, ಶಿಷ್ಯೆಗೆ ಗುರು ಯಾವತ್ತೂ ಬಗ್ಗಿಸದಷ್ಟು ಬಗ್ಗಿಸಿ ನಮಸ್ಕರಿಸಿದರು. ಅಂದು ಶಿನಾಗಾವಾದವರಿಗೂ ಚಿತ್ರಾನ್ನವಾಯಿತು. ತಟ್ಟೆಗೆ ಬಡಿಸುವಾಗ ನನಗೆ ಅಳು ಬಂತು, ಒಲೆಯ ಮೇಲಿನ ಮೆಣಸಿನಕಾಯಿಯ ಘಾಟಿನ ಮೇಲೆ ಹಾಕಿ ಅತ್ತುಬಿಟ್ಟೆ.

ಸೋಮವಾರ ನಮ್ಮ ಪಾಲಿಗೆ ಉಳಿದಿದ್ದ ಕೊನೆಯ ದಿನ. ಆ ಬೆಳಿಗ್ಗೆ ನಾನೂ ಗಿರೀಶನೂ ಮಾತ್ರ ಹೋದೆವು, ಯಾರಿಗೂ ಹೇಳಿರಲಿಲ್ಲ. ಸೆನ್ಸೇ ಬಾಗಿಲಲ್ಲೇ ನಿಂತಿದ್ದರು. ಚಿತ್ರಗಳಲ್ಲಿ ಕಣಿವೆಯ ಒಂದೊಂದು ಮರವೂ ಕಾಣುತ್ತಿತ್ತು, ಫುಕುಶಿಮಾ ದಾಟಿದ ಮೇಲೆ ದಾರಿಯಲ್ಲಿ ಸಿಗುವ ದೊಡ್ಡ ಸರೋವರದ ಆಚೆ ದಡವೂ ಕಾಣುತ್ತಿತ್ತು. ಮಧ್ಯಾಹ್ನದ ಮೇಲೆ ಮತ್ತೆ ಕೆಡುತ್ತದೆ, ಹೊರಡುವುದಾದರೆ ಈಗಲೇ ಎಂದರು. ಗಿರೀಶ ಗಡಿಯಾರ ನೋಡಿ ಮೆಲ್ಲಗೆ, "ಶೋಭಾ, ಸೋಮವಾರ ಬೆಳಿಗ್ಗೆ. ಈಗ ಸರಿಯಾಗಿ ರಾಹುಕಾಲ," ಎಂದ. ನೋಡಿ, ಜೀವಕಣಗಳ ಗುಟ್ಟು ಬಿಡಿಸುವ ಮನುಷ್ಯ!

ಅತ್ತೆಗೆ ಫೋನು ಮಾಡಿದೆ. ನಸುಕಿನಲ್ಲೇ ಏಳುವ ಅವರು ಎರಡನೇ ರಿಂಗಿಗೇ ಎತ್ತಿಕೊಂಡರು.

"ಹೊರಡು," ಎಂದರು ಕೇಳಿದವರೇ. "ನಮ್ಮೂರಲ್ಲಿನ್ನೂ ಬೆಳಕೇ ಹರಿದಿಲ್ಲ. ರಾಹು ಮಲಗಿದಾನೆ."

"ಅತ್ತೆ, ಇಲ್ಲಿಯ ಸೂರ್ಯನ ಲೆಕ್ಕ ಅಂತ ನೀವೇ ಹೇಳಿದ್ರಲ್ಲ?"

"ಅದು ಶನಿವಾರದವರೆಗೆ ಇದ್ದ ಲೆಕ್ಕ. ಅಷ್ಟು ಒಳ್ಳೇ ಗಳಿಗೇಲಿ, ಅಷ್ಟು ಜನರೆದುರು ಬೇಡ ಅಂದ್ಯಲ್ಲೇ, ಆವತ್ತೇ ಅಂದ್ಕೊಂಡೆ, ಇವಳಿಗೆ ಯಾವಾಗ ಹೊರಡ್ಬೇಕು ಅಂತ ನಾ ಹೇಳಬೇಕಾಗಿಲ್ಲ ಅಂತ. ನಿಂಬೆಹಣ್ಣು ಇಡೋದು ಮಾತ್ರ ಮರೀಬೇಡ."

ಇಟ್ಟೆ. ಪಂಕ ತಿರುಗಿತು, ವಿಮಾನ ಮುಂದೆ ಸರಿಯಿತು, ಆ ದಪ್ಪ ತೊಗಲಿನ ಹಣ್ಣು ಚಕ್ರದಡಿ ಒಂದು ಕ್ಷಣ ತಡೆದು ಪಚಕ್ಕನೆ ಸೋತದ್ದು ನನ್ನ ಕಾಲಿಗೇ ತಿಳಿಯಿತು.

ಮೇಲೇರಿದ ಮೇಲೆ ನನಗೆ ಮೊದಲು ಕಂಡದ್ದು ಹೊಲಗಳಲ್ಲ, ನದಿಯಲ್ಲ, ಪಕ್ಕದ ಖಾಲಿ ಸೀಟು. ಹತ್ತಿರದ ಒಂಟಿ ಹಾರಾಟಗಳಲ್ಲಿ ಅದನ್ನು ನೋಡುವಷ್ಟು ಬಿಡುವೇ ಇರಲಿಲ್ಲ. ಮನೆಯಲ್ಲಿ ಸ್ನಾನಕ್ಕೆ ಹೋದರೂ ಬಾಗಿಲು ತಟ್ಟಿ ಕತ್ತರಿ ಎಲ್ಲಿದೆ ಎಂದು ಕೇಳುವವರಿದ್ದಾರೆ. ನನ್ನ ಇಡೀ ಬಾಳಿನಲ್ಲಿ ಇಷ್ಟು ಹೊತ್ತು, ಇಷ್ಟು ದೂರ, ಯಾರೂ ಏನನ್ನೂ ಕೇಳದ ಜಾಗದಲ್ಲಿ ನಾನು ಇದ್ದದ್ದು ಇದೇ ಮೊದಲು. ಫುಕುಶಿಮಾದಲ್ಲಿ ಇಳಿದು ಏರಿದೆ. ಸರೋವರದ ಆಚೆ ದಡ ಕಾಣದಿದ್ದರೆ ಹಿಂತಿರುಗುವುದೆಂದು ನಾನೇ ನನಗೆ ಹಾಕಿಕೊಂಡ ಗೆರೆ. ಆ ದಡ ನೀಲಿಯಾಗಿ, ನಿಚ್ಚಳವಾಗಿ, ಕಾದು ಕೂತವರಂತೆ ಕಂಡಿತು. ಕಣಿವೆಯ ನದಿಯನ್ನು ಹಿಡಿದು ಹೋದೆ. ವಾರಗಟ್ಟಲೆ ಬೈದ ಆ ಮಳೆಯೇ ಕೆಳಗೆ ಗದ್ದೆ ಗದ್ದೆಯಲ್ಲಿ ಹಸಿರಾಗಿ ನಿಂತಿತ್ತು. ಅದು ನನ್ನನ್ನು ತಡೆಯಲೆಂದು ಬಂದದ್ದಲ್ಲ, ತನ್ನ ಕೆಲಸಕ್ಕೆ ಬಂದಿತ್ತು, ನಡುವೆ ನಾನು ಅಡ್ಡ ಸಿಕ್ಕಿದ್ದೆ. ಆಮೇಲೆ ಬೆಟ್ಟಗಳು ಎರಡೂ ಕಡೆ ಬಾಗಿಲಿನಂತೆ ಸರಿದು, ಎದುರಿಗೆ ಕಡಲು. ನಾನು ಜೋರಾಗಿ, ಅಚ್ಚ ಕನ್ನಡದಲ್ಲಿ, "ಬಂದ್ಬಿಟ್ನಲ್ಲೋ!" ಎಂದು ಕೂಗಿದೆ. ಪುಣ್ಯಕ್ಕೆ ರೇಡಿಯೋ ಗುಂಡಿ ಒತ್ತಿರಲಿಲ್ಲ.

ನಿಗಾತಾದಲ್ಲಿ ರೆಕ್ಕೆಯ ನೆರಳಿನಲ್ಲಿ ಕೂತು ಮೊಸರನ್ನ ತಿಂದೆ. ಅದರ ರುಚಿಯನ್ನು ಹೇಳಲು ಹೊರಟರೆ ಇನ್ನೊಂದು ಪ್ರಬಂಧವಾದೀತು.

ಹೊಸ ಮೋಡಗಳು ಬೆಟ್ಟದ ಹಿಂದೆ ತಲೆಯೆತ್ತುವ ಮುನ್ನ ನಾನು ನದಿದಂಡೆಯಲ್ಲಿ ಇಳಿದಿದ್ದೆ. ಸೆನ್ಸೇ ಸಹಿ ಹಾಕಿದರು. ಆಮೇಲೆ ಎರಡೂ ಕೈಯಲ್ಲಿ ಹಿಡಿದು ಒಂದು ಪ್ಲಾಸ್ಟಿಕ್ ಚೀಲವನ್ನು ನನಗೆ ಒಪ್ಪಿಸಿದರು. ಒಳಗೆ ಜಜ್ಜಿಹೋದ ನಿಂಬೆಹಣ್ಣು. ನಾನು ಹಾರಿಹೋದ ಮೇಲೆ ಕಾಂಕ್ರೀಟಿನಿಂದ ಒಂದು ಬೀಜವೂ ಬಿಡದೆ ಬಳಿದು, ನೆಲ ತೊಳೆದಿಟ್ಟಿದ್ದರು. "ಶೋಭಾ-ಸಾನ್, ಇದು ಪೂಜೆಯ ವಸ್ತು. ಸುಡುವ ಕಸದ ಬುಟ್ಟಿಗೆ ಹಾಕಬಹುದೋ ಇಲ್ಲವೋ ನನಗೆ ಗೊತ್ತಾಗಲಿಲ್ಲ," ಎಂದರು ಸಂಕೋಚದಿಂದ. ನಾನೂ ಎರಡೂ ಕೈ ಚಾಚಿ ತೆಗೆದುಕೊಂಡು, ಅರಿಗಾತೋ ಎಂದು ಸೊಂಟ ಬಗ್ಗಿಸಿದೆ. ಅದನ್ನು ದಂಡೆಯ ಒಂದು ಗಿಡದ ಬುಡಕ್ಕೆ, ಅವರಿಂದಲೇ ಅನುಮತಿ ಪಡೆದು, ಹಾಕಿ ಬಂದೆ.

ಸಂಜೆ ಅನಘಾ ಶಾಲೆಯಿಂದ ಬಂದವಳು ಬಾಗಿಲಲ್ಲೇ ನಿಂತು ಮೂಗರಳಿಸಿದಳು. ಒಗ್ಗರಣೆಯ ವಾಸನೆಯಿಲ್ಲ. ಬೂಟು ಕಳಚಿದವಳೇ ಅಡುಗೆಮನೆಗೆ ಓಡಿ ಫ್ರಿಜ್ಜಿನ ಬಾಗಿಲು ತೆಗೆದಳು. ಗೂಡು ಬರಿದಾಗಿತ್ತು. ಅವಳು ತಿರುಗಿ ನನ್ನ ಮುಖ ನೋಡಿದಳು, ಯಾವತ್ತೂ ಕನ್ನಡದಲ್ಲಿ ಉತ್ತರ ಕೊಡದ ನನ್ನ ಮಗಳು.

"ಅಮ್ಮಾ," ಎಂದಳು, "ನಿಂಬೆಹಣ್ಣು ಇಲ್ಲ!"