ಕೂತವರಿಗೆ ಮಾತ್ರ ದವಾಖಾನೆ

ನಲವತ್ತರ ದಶಕದಲ್ಲಿ ಕಾಲರಾ ಬಂದಾಗ ವಿಜಾಪುರದ ಊರಂಚಿನ ತಪಾಸಣೆ ನಾಕಾದಲ್ಲಿ ಕುರ್ಚಿ ಹಾಕಿಕೊಂಡಿದ್ದ ಸಾಹೇಬನಷ್ಟು ಅಂಜುಬುರುಕನನ್ನು ನಾನು ಮತ್ತೆಲ್ಲೂ ನೋಡಿಲ್ಲ. ಮೊದಲು ಹಳ್ಳಿಯ ಯಾವ ರೋಗಿಯನ್ನೂ ಊರೊಳಗೆ ಬಿಡುತ್ತಿರಲಿಲ್ಲ. ಬೇರೆ ಬೇನೆಯವರು ದಾರಿಯಲ್ಲೇ ಸಾಯತೊಡಗಿದಾಗ ಮೇಲಿನವರು ನಿಯಮ ಸಡಿಲಿಸಿದರು. ಕಾಲರಾ ಇದ್ದವರು ಊರ ಹೊರಗಿನ ಡೇರೆಗೆ, ಉಳಿದ ಅವಸರದ ರೋಗಿಗಳು ದವಾಖಾನೆಗೆ. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ! ಯಾರಿಗೆ ಏನಾಗಿದೆ ಎಂದು ತಿಳಿಯಲು ಹತ್ತಿರ ಹೋಗಬೇಕು. ಆ ಮಹಾಶಯ ಮೂಗಿಗೆ ಕರವಸ್ತ್ರ ಹಿಡಿದು ಕುರ್ಚಿಯಿಂದಲೇ ತೀರ್ಪು ಕೊಡುತ್ತಿದ್ದ. ಚಕ್ಕಡಿಯಲ್ಲಿ ಮಲಗಿ ಬಂದವರಿಗೆಲ್ಲ ಕಾಲರಾ, ಕೂತು ಬಂದವರಿಗೆ ಇಲ್ಲ. ಕಾಲು ಮುರಿದ ತಿಕೋಟಾದವನೊಬ್ಬ ಹೀಗೆ ಡೇರೆ ಸೇರಿ, ಅಲ್ಲೇ ಕಾಲರಾ ಹತ್ತಿ ಸತ್ತಿದ್ದ.

ಬಬಲೇಶ್ವರದಲ್ಲಿ ನನ್ನ ಅಕ್ಕನಿಗೆ ಹೆರಿಗೆ ಕಷ್ಟವಾಯಿತು. ಕೂಸು ಅಡ್ಡ ತಿರುಗಿದೆ, ತನ್ನ ಕೈಲಾಗದು ಎಂದಳು ಸೂಲಗಿತ್ತಿ. ನಾನು ಚಕ್ಕಡಿ ಹೂಡಿದೆ. ಅವ್ವ ಅಕ್ಕನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳು. ನಾಕಾ ಹತ್ತಿರವಾದಾಗ, ಅಕ್ಕನನ್ನು ಕೂರಿಸಿ ಚಕ್ಕಡಿಯ ಗೂಟಕ್ಕೆ ಸೀರೆಯಿಂದ ಕಟ್ಟೋಣ ಎಂದೆ. ಅವ್ವ ಒಪ್ಪಲಿಲ್ಲ. ನಮ್ಮಲ್ಲಿ ಹಾಗೆ ಕೂರಿಸಿ ಕಟ್ಟಿ ಒಯ್ಯುವುದು ಹೆಣವನ್ನು. ಜೀವವಿರುವ ಮಗಳಿಗೆ ತಾಯಿ ಅದನ್ನು ಹೇಗೆ ಮಾಡಿಯಾಳು?

ಅಕ್ಕನೇ ಕಣ್ಣು ತೆರೆದಳು.

"ಕುಂದರ್ಸ ಬೇ ಯವ್ವಾ. ಸತ್ತಮ್ಯಾಲ ಹೆಂಗೂ ಕುಂದರ್ಸತೀರಿ."

ಕೂರಿಸಿ ಕಟ್ಟಿದೆವು. ಹಲ್ಲು ಕಚ್ಚಿ ಕೂತ ಅಕ್ಕನನ್ನು ಸಾಹೇಬ ದೂರದಿಂದಲೇ ನೋಡಿದ.

"ಆರಾಮ ಕುಂತಾಳಲ್ಲ, ದವಾಖಾನಿ ಯಾಕ ಬೇಕು? ಚಕ್ಕಡಿ ಹೊಳ್ಳಸ್ರಿ."

ಮಲಗಿದರೆ ಡೇರೆ, ಕೂತರೆ ಮನೆ. ಇಂಥ ಬುದ್ಧಿಗೆ ಸರ್ಕಾರ ಸಂಬಳ ಬೇರೆ ಕೊಡುತ್ತಿತ್ತು.

ಅವ್ವ ಚಕ್ಕಡಿಯಿಂದ ಇಳಿದು ಕೈ ಚಾಚಿಕೊಂಡು ಅವನ ಕಡೆ ನಡೆದಳು.

"ಬರ್ರಿ ಸಾಹೇಬ್ರ, ಮುಟ್ಟಿ ನೋಡ್ರಿ. ಇಲ್ಲಂದ್ರ ನಾನ ಬಂದು ಮುಟ್ಟತೀನಿ."

ಅವಳು ಮುಂದೆ ಬಂದಂತೆ ಅವನು ಹಿಂದೆ ಸರಿದ. ಕುರ್ಚಿ ಉರುಳಿತು. ಎದ್ದೆನೋ ಬಿದ್ದೆನೋ ಎಂದು ಓಡಿ ಬೇವಿನ ಮರದ ಹಿಂದೆ ನಿಂತ. ಪಕ್ಕದಲ್ಲಿದ್ದ ಜವಾನ ಅತ್ತ ಮುಖ ತಿರುಗಿಸಿ ಬೀಡಿ ಹಚ್ಚಿಕೊಂಡ. ಅವ್ವ ದಾರಿಗೆ ಅಡ್ಡ ಹಾಕಿದ್ದ ನಾಕಾದ ಗಳವನ್ನು ಎತ್ತಿ ಹಿಡಿದಳು, ನಾನು ಎತ್ತುಗಳನ್ನು ಓಡಿಸಿದೆ.

ಅಕ್ಕ ಉಳಿದಳು. ಕೂಸು ಉಳಿಯಲಿಲ್ಲ, ಸ್ವಲ್ಪ ಮೊದಲೇ ತರಬೇಕಿತ್ತು ಎಂದರು ಡಾಕ್ಟರು. ಸಾಹೇಬನಿಗೆ ಮಾತ್ರ ಏನೂ ಆಗಲಿಲ್ಲ. ಅಂಥವರನ್ನು ಮುಟ್ಟಲು ಕಾಲರಾಕ್ಕೂ ಹೇಸಿಗೆ.

ಅಕ್ಕ ಮುಪ್ಪಾಗಿ ತೀರಿಕೊಂಡಾಗ ಅವಳನ್ನು ಕೂರಿಸಿ ಕಟ್ಟಿದವರಲ್ಲಿ ನಾನೂ ಇದ್ದೆ. ಈ ಸಲ ಅವಳು ಹಲ್ಲು ಕಚ್ಚಿರಲಿಲ್ಲ.